ಮತದಾನ ಮುಗಿಯುವ ತನಕ

ಶುಕ್ರವಾರ ಸಂಜೆ ಕರಿದ ಮೀನಿನ ಊಟಕ್ಕೆ ಊರಿನ ಅರ್ಧ ಜನ ಸೇರುವ ಹೋಟೆಲು. ಟ್ಯಾಡ್ ಒಳಗೆ ಬಂದದ್ದನ್ನು ಕಂಡೊಡನೆ ಮಾರಿಟ್ ತಟ್ಟೆ ಎತ್ತಿಕೊಂಡು ಮೂಲೆಯ ಮೇಜಿಗೆ ಹೋಗಿ, ಬೆನ್ನು ತಿರುಗಿಸಿ ಕುಳಿತಳು.

ಅವನು ಬಾಗಿಲಲ್ಲೇ ನಿಂತ. ಅವಳ ಕಿವಿಯ ಹಿಂದೆ ಸಿಕ್ಕಿಸಿದ ಆ ಹೊಂಬಣ್ಣದ ಕೂದಲು, ನಗು ತಡೆದದ್ದಕ್ಕೆ ಅಲುಗುತ್ತಿದ್ದ ಆ ಭುಜ. ನೋಡಿದಷ್ಟೂ ಸಾಲದು.

"ಏನಮ್ಮಾ, ಜಗಳಾನಾ?" ಬಡಿಸುತ್ತಿದ್ದ ಡೋರೀನ್ ಕೇಳಿದಳು.

"ಜಗಳ ಆಗಿದ್ರೆ ಪರವಾಗಿರ್ಲಿಲ್ಲ. ಇದು ಕಾನೂನು," ಎಂದಳು ಮಾರಿಟ್.

ಶಾಲೆಯಲ್ಲಿ ನರ್ಸ್ ಆಗಿದ್ದ ಲೊರೇನ್ ಬೆಕ್ ವಾಷಿಂಗ್ಟನ್ನಿನ ಸಂಸತ್ತಿಗೆ ನಿಂತಿದ್ದರು. ಅವರ ಪ್ರಚಾರವನ್ನೆಲ್ಲ ನಡೆಸುವವಳು ಮಾರಿಟ್. ಟ್ಯಾಡ್ ಇದ್ದದ್ದು ಒಂದು ಹೊರಗಿನ ಸಂಘದಲ್ಲಿ. ಆ ಸಂಘವೂ ಲೊರೇನ್ ಗೆಲ್ಲಲಿ ಎಂದೇ ಟಿವಿ ಜಾಹೀರಾತು ಕೊಡುತ್ತಿತ್ತು. ಅಭ್ಯರ್ಥಿಗೆ ಒಬ್ಬರು ಇಷ್ಟೇ ಹಣ ಕೊಡಬೇಕೆಂಬ ಮಿತಿಯುಂಟು. ಸಂಘ ಎಷ್ಟು ಬೇಕಾದರೂ ಎತ್ತಬಹುದು. ಆದರೆ ಒಂದೇ ಷರತ್ತು: ಅಭ್ಯರ್ಥಿಯ ಕಡೆಯವರೂ ಸಂಘದವರೂ ಸೇರಿ ಯೋಜನೆ ಹಾಕುವಂತಿಲ್ಲ.

"ಊಟಕ್ಕೆ ಸೇರಬಾರದು ಅಂತ ಕಾನೂನಲ್ಲಿ ಎಲ್ಲೂ ಇಲ್ಲ ಕಣೇ," ಎಂದು ಜೂನ್‌ನಲ್ಲಿ ಅವನು ಗೋಗರೆದಿದ್ದ. "ಚುನಾವಣೆ ವಿಷಯ ಬಿಟ್ಟು ಬೇರೆ ಮಾತಾಡೋಣ."

"ನಮ್ಮಿಬ್ಬರಿಗೂ ಬೇರೆ ಮಾತು ಬರುತ್ತೇನೋ? ಮುತ್ತು ಕೊಡೋವಾಗ್ಲೂ ನೀನು ಸಮೀಕ್ಷೆ ಬಗ್ಗೆ ಹೇಳ್ತಿರ್ತೀಯ. ಯಾರಾದ್ರೂ ನೋಡಿ ದೂರು ಕೊಟ್ರೆ ಲೊರೇನ್ ಹೆಸರು ಕೆಡುತ್ತೆ. ಮತದಾನ ಮುಗಿಯೋ ತನಕ ಫೋನೂ ಬೇಡ."

ಹಾಗೆ ಬೇಸಿಗೆ ಕಳೆಯಿತು. ಮೇಪಲ್ ಎಲೆಗಳು ಕೆಂಪಾದವು.

ಅಕ್ಟೋಬರ್‌ನಲ್ಲಿ ಸಂಘದ ಹೊಸ ಜಾಹೀರಾತು ಬಂತು. ಎದುರಾಳಿ ಗ್ಲೆನ್ ರಾಡ್ಕೆಯ ಮಗ ಕುಡಿತ ಬಿಡಲು ಆಸ್ಪತ್ರೆ ಸೇರಿದ್ದನ್ನು ಎತ್ತಿ ಆಡಿತ್ತು. 'ಮನೆಯನ್ನೇ ನೋಡಿಕೊಳ್ಳದವನು ದೇಶ ನೋಡಿಕೊಳ್ಳುತ್ತಾನೆಯೇ?'

ಲೊರೇನ್ ಮುಖ ಬಿಳಿಚಿತು. "ಆ ಹುಡುಗನ ಮೊಣಕಾಲಿಗೆ ಪಟ್ಟಿ ಕಟ್ಟಿದವಳು ನಾನು, ಮಾರಿಟ್. ಇದನ್ನ ನಿಲ್ಸು."

ನಿಲ್ಲಿಸುವುದು ಹೇಗೆ? ಫೋನಿನಲ್ಲಿ ಟ್ಯಾಡ್‌ನ ಹೆಸರು ಒತ್ತಿದರೆ ಸಾಕಿತ್ತು. ಅವನೇ ಮಾಡಿದ್ದಾ ಇದನ್ನು? ಎಂಬ ಪ್ರಶ್ನೆ ಕಾನೂನಿಗಿಂತ ಹೆಚ್ಚು ಹೆದರಿಸಿತು. ಅವಳು ಫೋನ್ ಕೆಳಗಿಟ್ಟಳು.

ಕೊನೆಗೆ ಲೊರೇನ್ ಕ್ಯಾಮೆರಾಗಳ ಮುಂದೆ ನಿಂತು, "ಇದು ನನ್ನದಲ್ಲ. ದಯವಿಟ್ಟು ತೆಗೀರಿ," ಎಂದರು. ಜಾಹೀರಾತು ನಿಂತಿತು. ಆದರೆ ಜನರಿಗೆ ಬೇಸರವಾಗಿಹೋಗಿತ್ತು.

ಲೊರೇನ್ ಸೋತರು.

ಫಲಿತಾಂಶ ಖಚಿತವಾದ ಬೆಳಿಗ್ಗೆ ಮಾರಿಟ್ ಅಳುತ್ತಿದ್ದರೆ, ಲೊರೇನ್ ಶೂ ಬಿಚ್ಚಿ ಕಾಲು ಮೇಜಿನ ಮೇಲಿಟ್ಟು ದೊಡ್ಡದಾಗಿ ಉಸಿರು ಬಿಟ್ಟರು. "ಇವತ್ತು ಯಾರಿಗೂ ಫೋನ್ ಮಾಡಿ ದುಡ್ಡು ಕೇಳ್ಬೇಕಾಗಿಲ್ಲ. ಅಬ್ಬಾ! ಗೆದ್ದಿದ್ರೆ ನಾಳೆಯಿಂದ್ಲೇ ಮುಂದಿನ ಚುನಾವಣೆಗೆ ಕೇಳ್ಬೇಕಿತ್ತು. ನೀನು ಹೋಗಮ್ಮ, ನಿನ್ನ ಟ್ಯಾಡ್‌ನ ಹುಡುಕು."

ಹುಡುಕಬೇಕಾಗಲಿಲ್ಲ. ಲೊರೇನ್ ಹೆಸರಿನ ಫಲಕಗಳನ್ನು ಮನೆಮನೆಯ ಅಂಗಳದಿಂದ ಕೀಳಲು ಅವಳು ಹೊರಟಾಗ, ಬೀದಿಯ ಆಚೆ ಕಡೆ ಟ್ಯಾಡ್ ಆಗಲೇ ಎರಡು ಫಲಕ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಸೊರಗಿದ್ದ. ಗಡ್ಡ ಬಿಟ್ಟಿದ್ದ.

ಅವಳು ಹತ್ತಿರ ಹೋಗಲಿಲ್ಲ. "ಆ ಜಾಹೀರಾತು ನಿಂದಾ?"

"ಬೇಡ ಅಂತ ಕೂಗಾಡಿದೆ. ಸಂಘದವರು ಕೇಳಲಿಲ್ಲ. ಅದು ಬಂದ ದಿನವೇ ಕೆಲಸ ಬಿಟ್ಟೆ."

"ಬಿಟ್ಟ ಮೇಲಾದ್ರೂ ಹೇಳ್ಬಾರದಿತ್ತಾ? ನಾನೆಷ್ಟು ಬೆಂದಿದೀನಿ ಗೊತ್ತಾ!"

"ಅವರ ಮುಂದಿನ ಯೋಜನೆಯೆಲ್ಲ ನನ್ನ ತಲೇಲಿತ್ತು. ನಿನ್ನ ಕಣ್ಣು ನೋಡಿದ್ರೆ ಬಾಯಿ ಬಿಟ್ಟುಬಿಡ್ತಿದ್ದೆ. ಸಿಕ್ಕಿಬೀಳೋದು ಲೊರೇನ್, ನೀನು." ಅವನು ಜಾರುತ್ತಿದ್ದ ಫಲಕಗಳನ್ನು ಸರಿಪಡಿಸಿಕೊಂಡ. "ನಿಮ್ಮ ಆಫೀಸಿನ ಮುಂದೆ ಎಷ್ಟು ಸಲ ಕಾರು ನಿಧಾನ ಮಾಡಿದೀನೋ! ದೀಪ ಉರೀತಿತ್ತು. ಊಟ ಮಾಡಿದಾಳೋ ಇಲ್ವೋ ಅಂದ್ಕೊಂಡು ಹೋಗ್ತಿದ್ದೆ."

ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿದಂತಾಯಿತು. ಮಾರಿಟ್ ಬೀದಿ ದಾಟಿದಳು. ಅವನ ಗಡ್ಡವನ್ನು ಬೆರಳಿನಿಂದ ಎಳೆದಳು.

"ಊಟ ಮಾಡ್ಲಿಲ್ಲ. ದಿನಾ ಒಣ ಬ್ರೆಡ್ಡು."

"ನಂಗೊತ್ತಿತ್ತು. ಮಾರಿಟ್, ನಿನ್ನ ಪ್ರೀತಿಸ್ತೀನಿ. ಇದನ್ನ ಈಗ ಯಾರ ಮುಂದಾದ್ರೂ ಹೇಳ್ಬಹುದು."

"ಹಾಗಾದ್ರೆ ಜೋರಾಗಿ ಹೇಳು."

ಅವನು ಜೋರಾಗಿಯೇ ಹೇಳಿದ. ಫಲಕಗಳು ಹುಲ್ಲಿನ ಮೇಲೆ ಬಿದ್ದವು. ನಡುಬೀದಿಯಲ್ಲಿ, ಹಾಡಹಗಲಲ್ಲಿ, ಅವಳು ಅವನ ಕೊರಳು ತಬ್ಬಿ ಮುತ್ತಿಟ್ಟಳು.

ಪಕ್ಕದ ಅಂಗಳದಲ್ಲಿ ರಾಡ್ಕೆಯ ಫಲಕ ಕೀಳುತ್ತಿದ್ದ ಮುದುಕ ಸೊಂಟ ನೆಟ್ಟಗೆ ಮಾಡಿಕೊಂಡು ಕೂಗಿದ: "ಅಲ್ರಯ್ಯ, ಗೆದ್ದಿದ್ದು ನಮ್ಮ ಪಕ್ಷ! ನೀವ್ಯಾಕೆ ಸಂಭ್ರಮ ಪಡ್ತಿದೀರಿ?"

"ಅಭಿನಂದನೆ ತಾತಾ!" ಎಂದು ಮಾರಿಟ್ ಅವನತ್ತ ಕೈ ಬೀಸಿ, ಟ್ಯಾಡ್‌ನ ಭುಜಕ್ಕೆ ಮುಖ ಒತ್ತಿಕೊಂಡು, ತಿಂಗಳುಗಳ ನಂತರ ಮೊದಲ ಸಲ ಬಾಯಿ ತುಂಬ ನಕ್ಕಳು.