ಗಾಜಿನ ಲೋಟದಲ್ಲಿ ಕ್ಯಾರೆಟ್

"ಅಜ್ಜ, ಬಾಯಿ ತೆಗಿ!"

"ಯಾಕೆ, ನೀನೇನು ಡಾಕ್ಟರಾ?"

"ಪುದೀನ ವಾಸನೆ ಬರ್ತಿದೆ. ಅಂದ್ರೆ ಮತ್ತೆ ಸಿಗರೇಟ್ ಸೇದಿದ್ದೀಯ!"

"ಪುದೀನ ತಿನ್ನೋದೂ ತಪ್ಪಾ?" ಎಂದು ಅಜ್ಜ ಗೊಗ್ಗರು ದನಿಯಲ್ಲಿ ಕೇಳಿದ.

ಮೊಮ್ಮಗಳು ಬಯಾನ್‌ಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಜ್ಜನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದು ಗುಣವಾಗಿದ್ದ. ಹಳೆಯ ದನಿ ವಾಪಸ್ ಬರಲೇ ಇಲ್ಲ. ಸಿಗರೇಟ್ ಮಾತ್ರ ವಾಪಸ್ ಬಂತು.

ಅರೀಜ್ ಅತ್ತೆಯ ಕೆಲಸ ನೋಡಿದರೆ ಇನ್ನೂ ಸಿಟ್ಟು ಬರುತ್ತಿತ್ತು. ಅತ್ತೆ ಇರ್ಬಿದ್ ನಗರದ ಯೂನಿವರ್ಸಿಟಿಯಲ್ಲಿ ಸಂಶೋಧಕಿ. ಕ್ಯಾನ್ಸರ್ ಗುಣವಾದವರೂ ಯಾಕೆ ಸಿಗರೇಟ್ ಬಿಡುವುದಿಲ್ಲ, ಬಿಡಲು ಯಾವುದು ನೆರವಾಗುತ್ತದೆ ಎಂದು ತಿಳಿಯಲು ದಿನವೂ ಯಾರುಯಾರಿಗೋ ಫೋನ್ ಮಾಡುತ್ತಾಳೆ. ಅವಳ ಸ್ವಂತ ಅಪ್ಪ ಇಲ್ಲಿ ಪುದೀನ ಜಗಿಯುತ್ತಾನೆ!

ಬೆಲ್ ಆಯಿತು. ಪಕ್ಕದ ಬೀದಿಯ ಅಬು ಮುತಾಜ್ ಬಂದಿದ್ದ.

"ಬಯಾನ್, ಕಾಫಿ ತಾ! ಲೋಟಾನೂ ತಾ!" ಎಂದು ಅಜ್ಜ ಕೂಗಿದ.

ಲೋಟ ಎಂದರೆ ಸಿಗರೇಟ್ ಲೋಟ. ಅತಿಥಿ ಬಂದರೆ ಕಾಫಿಯ ಜೊತೆ ಗಾಜಿನ ಲೋಟದಲ್ಲಿ ಸಿಗರೇಟ್ ನಿಲ್ಲಿಸಿ ಮುಂದಿಡಬೇಕು. ಅಜ್ಜನೇ ಬೆಂಕಿ ಹಚ್ಚಿಕೊಡಬೇಕು. ಅತಿಥಿಗೆ ಹಚ್ಚಿಕೊಟ್ಟ ಮೇಲೆ ತನಗೂ ಒಂದು.

ಬಯಾನ್ ಫ್ರಿಡ್ಜ್ ತೆಗೆದಳು.

ಅಬು ಮುತಾಜ್‌ಗೆ ಮಾತು ಶುರುವಾದರೆ ಮೈಮೇಲೆ ಎಚ್ಚರವಿರುವುದಿಲ್ಲ. ಅಳಿಯನ ಕಾರಿನ ಕತೆ ಹೇಳುತ್ತಲೇ ಲೋಟಕ್ಕೆ ಕೈಹಾಕಿ, ಒಂದನ್ನು ಬಾಯಿಗಿಟ್ಟುಕೊಂಡ. ಅಜ್ಜನೂ ಕತೆ ಕೇಳುತ್ತಲೇ ಕಡ್ಡಿ ಗೀರಿ ಹತ್ತಿರ ಹಿಡಿದ. ಅದು ಹೊತ್ತಿಕೊಳ್ಳಲಿಲ್ಲ.

"ಏನಯ್ಯಾ ಇದು?" ಅಬು ಮುತಾಜ್ ಬಾಯಿಂದ ತೆಗೆದು ನೋಡಿದ. "ಕ್ಯಾರೆಟ್ಟಾ? ನಾನೇನು ಮೊಲಾನಾ?"

ಬಯಾನ್‌ಗೆ ನಗು ತಡೆಯಲಾಗಲಿಲ್ಲ. ಅಜ್ಜ ನಗಲಿಲ್ಲ. ಅವನ ಕಿವಿಗಳು ಕೆಂಪಾದವು. ಅಬು ಮುತಾಜ್ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಅತಿಥಿ ಹಾಗೆ ಎದ್ದುಹೋದದ್ದನ್ನು ಆ ಮನೆಯಲ್ಲಿ ಬಯಾನ್ ಯಾವತ್ತೂ ನೋಡಿರಲಿಲ್ಲ. ಅಜ್ಜ ತಾರಸಿಯ ಮೆಟ್ಟಿಲು ಹತ್ತಿದ.

ಅತ್ತೆ ಕೆಲಸ ಮುಗಿಸಿ ಬಂದಾಗ ಬಯಾನ್ ಎಲ್ಲವನ್ನೂ ಹೇಳಿದಳು. ಶಹಬ್ಬಾಸ್ ಸಿಗುತ್ತದೆ ಎಂದುಕೊಂಡಿದ್ದಳು.

"ಈಗ ಅಜ್ಜ ಎಲ್ಲಿ?"

"ತಾರಸೀಲಿ."

"ಏನ್ ಮಾಡ್ತಿದ್ದಾರೆ?"

ಏನು ಮಾಡುತ್ತಿದ್ದಾನೆ ಎಂದು ಇಬ್ಬರಿಗೂ ಗೊತ್ತಿತ್ತು.

ಅತ್ತೆ ಬ್ಯಾಗನ್ನು ಧೊಪ್ಪನೆ ಕುರ್ಚಿಗೆ ಹಾಕಿದಳು. "ನಾನೂ ಮೊದಮೊದಲು ಫೋನಲ್ಲಿ ಬೈಯ್ತಿದ್ದೆ ಕಣೇ. 'ಬಿಟ್ಟೆ ಡಾಕ್ಟ್ರೇ, ಪೂರ್ತಿ ಬಿಟ್ಟೆ' ಅನ್ನೋರು. ಹಿಂದೆ ಲೈಟರ್ ಟಿಕ್ ಅನ್ನೋದು ನಂಗೆ ಕೇಳಿಸೋದು."

"ಛೆ! ಆಮೇಲೆ?"

"ಯಾವ ಸಿಗರೇಟ್ ಬಿಡೋದು ತುಂಬಾ ಕಷ್ಟ ಅಂತ ಕೇಳೋಕೆ ಶುರು ಮಾಡಿದೆ. ಕೇಳಿ ಸುಮ್ಮನಿರ್ತಿದ್ದೆ. ಸುಮ್ಮನಿರೋದಿದೆಯಲ್ಲ, ಅಯ್ಯಪ್ಪಾ!"

ಬಯಾನ್ ತಾರಸಿಗೆ ಹೋದಳು. ಅಜ್ಜ ನೀರಿನ ಟ್ಯಾಂಕಿಗೆ ಒರಗಿ ಕುಳಿತಿದ್ದ. ಒಂದು ಕೈ ಬೆನ್ನ ಹಿಂದಿತ್ತು. ಹಿಂದಿನಿಂದ ಹೊಗೆ ಏಳುತ್ತಿತ್ತು. ಬಯಾನ್‌ಗೆ ಸಿಟ್ಟು ಬಂತು. ಅದನ್ನು ನುಂಗಿಕೊಂಡಳು.

"ಅಜ್ಜ, ಯಾವುದನ್ನ ಬಿಡೋದು ತುಂಬಾ ಕಷ್ಟ?"

ಅಜ್ಜ ಅವಳನ್ನೇ ನೋಡಿದ. ಬಯಾನ್ ತುಟಿ ಕಚ್ಚಿ ಕಾದಳು.

"ಅತಿಥಿಗೆ ಹಚ್ಚಿಕೊಟ್ಟ ಮೇಲಿಂದು," ಎಂದ ಅಜ್ಜ ಕೊನೆಗೆ. "ಆಸ್ಪತ್ರೆಯಿಂದ ಬಂದಾಗ ನನ್ನ ದನಿ ಯಾರಿಗೂ ಅರ್ಥ ಆಗ್ತಿರ್ಲಿಲ್ಲ. ಆಗ್ಲೂ ದಿನಾ ಬಂದು ಕೂರ್ತಿದ್ದೋನು ಅಬು ಮುತಾಜ್. ಲೋಟ ಇಡದಿದ್ರೆ ಅವನಾದ್ರೂ ಯಾಕೆ ಬರ್ತಾನೆ?"

ಬಯಾನ್ ಅಜ್ಜನ ಪಕ್ಕದಲ್ಲಿ ಕುಳಿತಳು.

"ಕೈ ಮುಂದೆ ತಗೋ ಅಜ್ಜ. ಬೆರಳು ಸುಡುತ್ತೆ."

ಅಜ್ಜ ಮೆಲ್ಲಗೆ ಕೈಯನ್ನು ಮುಂದೆ ತಂದ.

ಕೆಳಗೆ ಬೀದಿಯಿಂದ ಕೂಗು ಕೇಳಿತು. "ಏಯ್ ಮುದುಕಾ! ನನ್ನ ಅರ್ಧ ಕಾಫಿ ಚೆಲ್ಲಿಬಿಟ್ರಾ ಹೇಗೆ?"

ಅಜ್ಜ ಥಟ್ಟನೆ ಸಿಗರೇಟ್ ಹೊಸಕಿ ಎದ್ದ. ಮೆಟ್ಟಿಲಿನ ಹತ್ತಿರ ನಿಂತು ತಿರುಗಿದ. ಲೋಟ ತಾ ಎನ್ನುತ್ತಾನೇನೋ ಎಂದು ಬಯಾನ್ ಕಾದಳು. ಈ ಸಲ ಅವಳು ಬಾಯಿ ಹಾಕಲಿಲ್ಲ.

"ಆ ಕ್ಯಾರೆಟ್," ಎಂದ ಅಜ್ಜ, "ಎಲ್ಲಾ ನೀನೇ ತಿಂದುಬಿಟ್ಯಾ?"