ಕೆಂಪು ಬಿಡದ ಎಲುಬು

"ಅಯ್ಯೋ... ಇವ್ರೇನು ಕಲ್ಲು ನೆಕ್ತವ್ರೆ!"

ಚನ್ನಪಟ್ಟಣದ ಗೊಂಬೆ ಕಾರ್ಖಾನೆಯ ಬಾಗಿಲಲ್ಲಿ ಲೋಕೇಶನನ್ನು ಮೊದಲ ಸಲ ಕಂಡಾಗ, ಅಲ್ಲಿ ಬಣ್ಣ ಹಚ್ಚುವ ಸಿರಿ ಕೂಗಿಯೇಬಿಟ್ಟಳು.

ಕನಕಪುರದ ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವ ಮೇಷ್ಟ್ರು ಅವನು. ನಾಚಿ ನೀರಾದ.

"ತಮಿಳುನಾಡಿನ ಅರಿಯಲೂರಲ್ಲಿ ಪಳೆಯುಳಿಕೆ ಹುಡುಕೋವಾಗ ಈ ತುಂಡು ಸಿಕ್ತು. ನಾಲಿಗೆಗೆ ಅಂಟ್ಕೊಂಡ್ರೆ ಎಲುಬು, ಇಲ್ದಿದ್ರೆ ಬರೀ ಕಲ್ಲು. ಇದು ಅಂಟ್ಕೊಂತೈತೆ! ಇದನ್ನ ಇಡೋಕೆ ಒಂದು ಮರದ ಡಬ್ಬಿ ಮಾಡ್ಕೊಡ್ತೀರಾ?"

ಡಬ್ಬಿಗೆಂದು ಬಂದವನು ಆಮೇಲೆ ನೆಪ ಹುಡುಕಿಕೊಂಡು ಬಂದ. ಸಿರಿಗೂ ಆ ನೆಪಗಳು ಬೇಕಿದ್ದವು.

"ಇದು ಯಾವ ಪ್ರಾಣಿದು ಅಂತ ಬೆಂಗಳೂರಿನ ತಜ್ಞರು ಹೇಳ್ಲಿ ಸಿರಿ. ಆಮೇಲೆ ನಿಮ್ಮನೆಗೆ ಬಂದು ಹೆಣ್ಣು ಕೇಳ್ತೀನಿ," ಎಂದು, ತಾನು ಬರುವವರೆಗೆ ಇಟ್ಟುಕೊಳ್ಳಲು ಆ ತುಂಡನ್ನು ಅವಳ ಕೈಗೇ ಕೊಟ್ಟು ಕಾಲೇಜು ಟೂರಿಗೆ ಹೋದ.

ಸಿರಿಗೆ ಸುಮ್ಮನಿರಲಾಗಲಿಲ್ಲ. ಗೊಂಬೆಗೆ ಹಚ್ಚುವ ಕೆಂಪು ಅರಗನ್ನು ಬಿಸಿ ಮಾಡಿ ಅದಕ್ಕೂ ಹಚ್ಚಿ, ತಾಳೆಗರಿಯಿಂದ ತಿಕ್ಕಿ ತಿಕ್ಕಿ ಫಳಫಳ ಅನ್ನಿಸಿದಳು. ಮೇಷ್ಟ್ರಿಗೆ ಎಷ್ಟು ಖುಷಿಯಾಗಬಹುದು!

ಲೋಕೇಶ್ ಬಂದು ನೋಡಿದ. ನಾಲಿಗೆಗೆ ಮುಟ್ಟಿಸಿದ. ಅಂಟಲಿಲ್ಲ.

"ಹಾಳು ಮಾಡ್ಬುಟ್ಯಲ್ಲ ಸಿರಿ!"

ಅಷ್ಟೇ. ತುಂಡು ತೆಗೆದುಕೊಂಡು ಹೊರಟೇಹೋದ.

ಅವಳ ಫೋನನ್ನೂ ಎತ್ತಲಿಲ್ಲ. ಕನಕಪುರದ ಬಸ್ಸು ನಿಂತಾಗಲೆಲ್ಲ ಅವಳ ಕಣ್ಣು ಬಾಗಿಲಿಗೆ... 'ನಾನು ಕೆಡಿಸಿದ್ದು ಕಲ್ಲನ್ನಾ, ನನ್ನ ಬಾಳನ್ನಾ?'

"ಅಳ್ಬೇಡ ಕಣೆ, ಬತ್ತಾನೆ," ಎಂದು ಪಕ್ಕದಲ್ಲಿ ಬಣ್ಣ ಹಚ್ಚುವ ವಜೀರಾ ಎಷ್ಟು ಹೇಳಿದರೂ, ಅರಗಿನ ವಾಸನೆ ಬಂದರೆ ಸಾಕು, ಸಿರಿಯ ಕಣ್ಣು ತುಂಬುತ್ತಿತ್ತು.

ಮಾವಿನ ಕಾಲ ಬಂತು. ಒಂದು ಮಧ್ಯಾಹ್ನ, ಅದೇ ಬಾಗಿಲಲ್ಲಿ... ಲೋಕೇಶ್!

"ಬೆಂಗಳೂರಿನ ತಜ್ಞರಿಗೆ ಕಳಿಸಿದ್ದೆ, ಸ್ಪಿರಿಟ್ ಹಾಕಿ ಒರೆಸಿದ್ರಂತೆ ಸಿರಿ. ಮೇಲಿನ ಅರಗು ಹೋದ್ರೂ ಸಣ್ಣ ಸಣ್ಣ ತೂತಲ್ಲಿ ಕೆಂಪು ಹಂಗೇ ನಿಂತೈತೆ. ಆ ತೂತಿನ ಸಾಲು ನೋಡೇ ಗುರುತು ಹಿಡಿದವ್ರೆ... ಕಡಲಲ್ಲಿ ಈಜ್ತಿದ್ದ ಸರೀಸೃಪದ ಪಕ್ಕೆಲುಬಂತೆ!"

ಅವಳು ತಲೆ ಎತ್ತಲಿಲ್ಲ.

"ಬರೀ ಕಲ್ಲು ಅಂದಿದ್ರೆ... ನೀವು ಬತ್ತಿರ್ಲಿಲ್ಲ, ಅಲ್ವಾ?"

ಲೋಕೇಶ್ ಒಳಗೆ ಬಂದು ಅವಳೆದುರು ಕೂತ.

"ತಜ್ಞರ ಫೋನ್ ಬಂದಿದ್ದು ಈಗ, ಇಲ್ಲಿಗೆ ಬರೋ ದಾರೀಲಿ, ಬಸ್ಸು ಸಾತನೂರು ದಾಟಿದ ಮೇಲೆ. ಬಸ್ಸು ಹತ್ತಿದಾಗ ನಂಗೇನೂ ಗೊತ್ತಿರ್ಲಿಲ್ಲ. ನಿನ್ನ ಬೈದ್ಬುಟ್ಟಿದ್ದೆ... ಯಾವ ಮುಖ ಇಟ್ಕೊಂಡು ಬರ್ಲಿ ಅಂತ ಇಷ್ಟು ದಿನ ಒದ್ದಾಡ್ದೆ. ಇವತ್ತು ತಡೆಯಕಾಗ್ಲಿಲ್ಲ. ನೀನಿಲ್ದೆ ಆಗಲ್ಲ ಸಿರಿ."

ಸಿರಿ ಅಳುತ್ತಲೇ ನಕ್ಕಳು.

"ನಾಳೆ ಮನೆಗೆ ಬನ್ನಿ. ಆದ್ರೆ..."

"ಆದ್ರೆ?"

"ಕಲ್ಲು ತರ್ಬೇಡಿ. ಒಸಿ ಹೂವ ತನ್ನಿ!"