ಉಳುಕಿದ ಕಾಲು

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಆಳುಗಳು ಹೆಗಲು ಕೊಟ್ಟು ಒಡೆದರು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಯಜಮಾನ ಮಹಡಿಯ ಕೋಣೆಯಲ್ಲಿ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಅವನದೇ ಸುತ್ತಿಗೆ. ಹಿಂದಿನ ಕಿಟಕಿ ಹಾರುಹೊಡೆದಿತ್ತು.

ಇನ್ಸ್‌ಪೆಕ್ಟರ್ ಬಂದ. ಠಾಣೆಯಲ್ಲಿ ಅವನಿಗೆ ಸಿಡಿಮದ್ದು ಎಂದೇ ಹೆಸರು.

“ಮೊದಲು ಬಂದವನು ಯಾರಯ್ಯಾ?”

ಗಾಜು ಕೊಯ್ಯುವ ಆಳು ಮುಂದೆ ಬಂದ. “ನಾನೇ ಸಾರ್. ಮೆಟ್ಟಿಲು ಹತ್ತುತ್ತಾ ‘ಯಜಮಾನ್ರೇ, ಗಾಜು’ ಅಂದೆ. ಒಳಗಿಂದ ಚಿಲಕ ಬಿತ್ತು. ಬಾಗಿಲು ತಟ್ಟಿದೆ. ಹಿಂದ್ಗಡೆ ಧೊಪ್ ಅಂತ ಸದ್ದಾಯ್ತು.”

“ಎಂಥಾ ಧೊಪ್?”

“ಮೂಟೆ ಎಸೆದಂಗೆ ಸಾರ್.”

ಕಿಟಕಿಯ ಕೆಳಗೆ ಸಿಮೆಂಟಿನ ಅಂಗಳ. ಅಲ್ಲಿ ಚೆಲ್ಲಿದ್ದ ಮರದ ಹೊಟ್ಟಿನಲ್ಲಿ ಯಾರೋ ತೆವಳಿಕೊಂಡು ಹೋದ ಜಾಡಿತ್ತು. ಹಿತ್ತಿಲ ಬಾಗಿಲಿನ ಆಚೆಗೆ ಏನೂ ಕಾಣಲಿಲ್ಲ. ಹಾರಿದವನ ಕಾಲು ಮುರಿದಿದೆ, ಅಷ್ಟು ಖಾತ್ರಿ.

ಅಂಥವನನ್ನು ಹುಡುಕುವ ಕಷ್ಟವೂ ಬರಲಿಲ್ಲ. ಪಕ್ಕದ ಓಣಿಯಲ್ಲಿ, ಅಂಗಡಿಯ ಗೋಡೆಗೆ ಒರಗಿಸಿದ್ದ ಏಣಿಯ ಬುಡದಲ್ಲಿ, ಅಂಗಡಿಗೆ ಬಣ್ಣ ಬಳಿಯುತ್ತಿದ್ದ ಪೇಂಟರ್ ಕಾಲು ಹಿಡಿದು ಬಿದ್ದಿದ್ದ. ಬಣ್ಣ ಸರಿಯಿಲ್ಲವೆಂದು ಯಜಮಾನ ಅವನನ್ನು ಬೆಳಿಗ್ಗೆಯಷ್ಟೇ ಬೈದಿದ್ದ. ಇವನೂ ತಿರುಗಿ ಬೈದಿದ್ದ. ಇಡೀ ಬೀದಿ ಕೇಳಿತ್ತು.

“ಗಲಾಟೆ ಕೇಳಿ ಇಳಿದೆ ಸಾರ್. ಕೊನೇ ಮೆಟ್ಟಿಲಲ್ಲಿ ಕಾಲು ಸಿಕ್ಕಾಕ್ಕೊಂತು.”

“ಕಥೆ ಹೇಳ್ಬೇಡ!” ಎಂದ ಇನ್ಸ್‌ಪೆಕ್ಟರ್. ಅವನನ್ನು ಆಸ್ಪತ್ರೆಗೆ ಸೇರಿಸಿ, ಕೈಗೆ ಬೇಡಿ ಹಾಕಿ ಮಂಚಕ್ಕೆ ಬಿಗಿದರು.

* * *

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಸತ್ತವನ ಮನೆಗೆ ಹೋದ. ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಅಲ್ಲಿ ತಾಯಿ ಮತ್ತು ತಮ್ಮ. ತಮ್ಮ ಮಂಚದ ಮೇಲಿದ್ದ. ಬಲಗಾಲಿಗೆ ದಪ್ಪ ಬ್ಯಾಂಡೇಜು. ಮುಖದ ಮೇಲೆ ಬೆವರು.

“ಇವನು ಅಂಗಡೀಲಿದ್ದಿದ್ರೆ ದೊಡ್ಡವನು ಉಳೀತಿದ್ನೋ ಏನೋ,” ಎಂದಳು ತಾಯಿ. “ಕಾಲು ಉಳುಕಿಸ್ಕೊಂಡು ಹೋದ ವಾರದಿಂದ ಬಿದ್ಕೊಂಡಿದ್ದಾನೆ.”

“ಡಾಕ್ಟರಿಗೆ ತೋರಿಸಿದ್ರಾ ಅಮ್ಮಾ?”

“ಉಳುಕಿಗೆ ಯಾವ ಡಾಕ್ಟರಪ್ಪಾ? ದಿನಾ ನಾನೇ ಎಣ್ಣೆ ಕಾಯಿಸಿ ತಿಕ್ಕಿದೀನಿ. ಕಲ್ಲು ಕೂತಂಗೆ ಕೂತಿರ್ತಿದ್ದ, ಒಂದ್ಸಲ ಅಯ್ಯೋ ಅಂದಿಲ್ಲ. ನಿನ್ನೆ ಮಧ್ಯಾಹ್ನ ಮಲಗಿ ಎದ್ದೆ, ಸಾವಿನ ಸುದ್ದಿ ಬಂತು. ಸಂಜೆಯಿಂದ ನೋಡು, ಬೆರಳಿಟ್ರೆ ಕಿರುಚ್ತಾನೆ. ಅಣ್ಣ ಹೋದ ಸಂಕಟ. ಎಲ್ಲೆಲ್ಲೋ ನೋವಾಗಿ ಬರುತ್ತೆ.”

“ಸುಮ್ನಿರಮ್ಮಾ,” ಎಂದ ತಮ್ಮ. ಇನ್ಸ್‌ಪೆಕ್ಟರ್ ಕಡೆ ತಿರುಗಿದ. “ಆ ಪೇಂಟರನ್ನ ಬಿಡ್ಬೇಡಿ ಸಾರ್.”

“ಬಿಡೋ ಮಾತೇ ಇಲ್ಲ.”

* * *

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಪೇಂಟರನ ಹೆಂಡತಿ ಅಡ್ಡ ನಿಂತಳು. “ಅಣ್ಣಾ, ಏಣಿ ಹತ್ತಿದ್ರೇನೇ ನಮ್ಮ ಒಲೆ ಹತ್ತೋದು. ಕಾಲೊಂದು ಉಳಿಸ್ಕೊಡಿ.”

“ದಾರಿ ಬಿಡಮ್ಮಾ!”

ಒಳಗೆ ಮೂಳೆ ಡಾಕ್ಟರಮ್ಮ ನಿಂತಿದ್ದರು. ಇನ್ಸ್‌ಪೆಕ್ಟರ್ ಹೇಳಿದ, “ಇವನನ್ನ ಈಗ ಜೈಲಿಗೆ ಸಾಗಿಸ್ತೀವಿ.”

“ಸಾಗಿಸಿ. ಕಾಲನ್ನ ಇಲ್ಲೇ ಬಿಟ್ಟು ಹೋಗಿ.”

“ತಮಾಷೆನಾ ಡಾಕ್ಟ್ರೇ?”

“ತಮಾಷೆ ಮಾಡೋ ಮುಖನಾ ಇದು? ಕೀಲು ಜಾರಿದೆ. ಎಳೆದು ಕೂರಿಸಿದ್ರೂ ನಿಲ್ತಿಲ್ಲ. ಮೂಳೆ ಒಳಗಿಂದ ಒತ್ತಿ ಚರ್ಮ ಬೆಳ್ಳಗಾಗಿದೆ, ನೋಡಿ. ಈಗಲೇ ಪ್ಲೇಟು, ಸ್ಕ್ರೂ ಹಾಕದಿದ್ರೆ ಚರ್ಮ ಸತ್ತು ಕೀವಾಗುತ್ತೆ. ಆಮೇಲೆ ಕತ್ತರಿಸೋದೇ.”

“ಕೊಲೆಗಾರ ಡಾಕ್ಟ್ರೇ ಇವನು! ಮಹಡಿಯಿಂದ ಹಾರಿದವನು.”

ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. “ಪಾದದ ಮೇಲಿನ ಗಿಣ್ಣು, ಅದೇ ಹೊರಗಿನ ಹರಡಿನ ಮೂಳೆ, ಓರೆಯಾಗಿ ಸೀಳಿದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಪಾದ ಎಲ್ಲೋ ಸಿಕ್ಕಿಕೊಂಡು ಮೈ ತಿರುಗಿದ್ರೆ ಹೀಗೆ ಮುರಿಯುತ್ತೆ. ಇನ್ನು ಹಿಮ್ಮಡಿ ನೋಡಿ. ಒಂದು ಗೀರೂ ಇಲ್ಲ. ಅಷ್ಟೆತ್ತರದಿಂದ ಸಿಮೆಂಟಿಗೆ ನೆಟ್ಟಗೆ ಹಾರಿದ್ರೆ ಮೊದಲು ಹೋಗೋದು ಹಿಮ್ಮಡಿ. ಮೊಟ್ಟೆ ಚಿಪ್ಪಿನ ಹಾಗೆ ಪುಡಿ. ರಕ್ತ ಇಳಿದು ಅಂಗಾಲು ನೀಲಿಗಟ್ಟುತ್ತೆ.”

ಇನ್ಸ್‌ಪೆಕ್ಟರ್ ಎಕ್ಸ್‌ರೇಯನ್ನು ಕೈಗೆ ತೆಗೆದುಕೊಂಡು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, “ಉಳುಕಿದ್ರೆ ಅಂಗಾಲು ನೀಲಿ ಆಗುತ್ತಾ?”

“ಆಗಲ್ಲ. ಹರಡಿನ ಪಕ್ಕ ಊದುತ್ತೆ, ಅಷ್ಟೆ.”

“ಉಳುಕಿದ ಹೊಸದರಲ್ಲಿ ನೋವಿಲ್ಲದೆ, ವಾರ ಕಳೆದ ಮೇಲೆ ಕಿರುಚೋಷ್ಟು ನೋವಾಗುತ್ತಾ?”

“ಎಲ್ಲಾದ್ರೂ ಉಂಟಾ? ಹಾಗಾದ್ರೆ ಮೊದಲು ಉಳುಕೇ ಇರಲಿಲ್ಲ. ಆಮೇಲೆ ಆಗಿದ್ದು ಉಳುಕಲ್ಲ.”

ಇನ್ಸ್‌ಪೆಕ್ಟರ್ ಜೇಬಿನಿಂದ ಕೀಲಿ ತೆಗೆದು ಪೇಂಟರನ ಬೇಡಿ ತಾನೇ ಬಿಚ್ಚಿದ. “ನಿಮ್ಮ ಕೆಲಸ ನೀವು ಮಾಡಿ ಡಾಕ್ಟ್ರೇ.”

* * *

“ಬಿಚ್ಚೋ ಬ್ಯಾಂಡೇಜು.”

ತಮ್ಮ ಅಲುಗಲಿಲ್ಲ. ತಾಯಿ ಅಡುಗೆಮನೆಯಿಂದ ಓಡಿ ಬಂದಳು. “ಯಾಕಪ್ಪಾ, ನೋಯುತ್ತೆ ಅವನಿಗೆ!”

ಇನ್ಸ್‌ಪೆಕ್ಟರ್ ಕೂತು ಸುತ್ತು ಸುತ್ತಾಗಿ ಬಿಚ್ಚಿದ. ತಮ್ಮ ದಿಂಬು ಕಚ್ಚಿಕೊಂಡ. ಹಿಮ್ಮಡಿ ಅಗಲವಾಗಿ ಚಪ್ಪಟೆಯಾಗಿತ್ತು. ಚರ್ಮದ ಮೇಲೆ ನೀರುಗುಳ್ಳೆ. ಅಂಗಾಲು ನೇರಳೆ ಹಣ್ಣಿನ ಬಣ್ಣ.

“ನಿನಗೆ ಕಾಲು ಉಳುಕಿರಲೇ ಇಲ್ಲ,” ಎಂದ ಇನ್ಸ್‌ಪೆಕ್ಟರ್. “ಮಂಚ ಬಿಟ್ಟೇಳಲಾರದವನ ಮೇಲೆ ಯಾರಿಗೂ ಅನುಮಾನ ಬರಲ್ಲ ಅಂತ ಮೊದಲೇ ಬ್ಯಾಂಡೇಜು ಸುತ್ಕೊಂಡೆ. ಅಮ್ಮ ಎಷ್ಟು ತಿಕ್ಕಿದ್ರೂ ನೋಯಲಿಲ್ಲ, ಯಾಕಂದ್ರೆ ಏನೂ ಆಗಿರಲಿಲ್ಲ. ನಿನ್ನೆ ಮಧ್ಯಾಹ್ನ ಅಮ್ಮ ಮಲಗಿದಾಗ ಹಿತ್ತಿಲ ಕಡೆಯಿಂದ ಹೋದೆ. ಅಣ್ಣನನ್ನ ಹೊಡೆದೆ. ಗಾಜಿನವನು ಮೆಟ್ಟಿಲು ಹತ್ತಿದ. ಚಿಲಕ ಹಾಕಿ ಹಾರಿದೆ. ಸುಳ್ಳು ಕಾಲು ನಿಜವಾಗಿ ಮುರೀತು. ಡಾಕ್ಟರ ಹತ್ರ ಹೋಗೋ ಹಾಗಿಲ್ಲ. ಅದೇ ಬ್ಯಾಂಡೇಜನ್ನ ಮತ್ತೆ ಸುತ್ಕೊಂಡೆ.”

ತಮ್ಮ ದಿಂಬಿನಿಂದ ಬಾಯಿ ತೆಗೆದ. “ಅಂಗಡಿ ಮಾರ್ತೀನಿ ಅಂದ ಸಾರ್. ಹುಟ್ಟಿದಾಗಿಂದ ಅವನ ಕೈಕೆಳಗೆ ದುಡಿದೆ. ನನ್ನ ಗತಿಯೇನಣ್ಣಾ ಅಂದ್ರೆ, ದಂಡಪಿಂಡಕ್ಕೆ ಎಂಥಾ ಗತಿ ಅಂದ.”

ತಾಯಿ ತನ್ನ ಎಣ್ಣೆಗೈಯನ್ನು ನೋಡಿಕೊಂಡಳು. ಸೆರಗಿಗೆ ಒರೆಸಿದಳು. ಮತ್ತೆ ಒರೆಸಿದಳು.

* * *

ಸಂಜೆಯ ಹೊತ್ತಿಗೆ ಪೇಂಟರನ ಆಪರೇಷನ್ ಮುಗಿದಿತ್ತು. ಡಾಕ್ಟರಮ್ಮ ಅವನ ಹೆಂಡತಿಗೆ ಹೇಳಿದರು, “ಕಾಲು ಉಳಿಯುತ್ತಮ್ಮಾ. ಏಣಿಯ ಮಾತು ಮಾತ್ರ ಈಗಲೇ ಹೇಳಲಾರೆ.” ಅವಳು ಇನ್ಸ್‌ಪೆಕ್ಟರನ ಕಡೆ ತಿರುಗಿಯೂ ನೋಡಲಿಲ್ಲ. ಅವನೂ ತಲೆ ಎತ್ತಲಿಲ್ಲ.

ತಮ್ಮನನ್ನು ಅದೇ ವಾರ್ಡಿನ ಕೊನೆಯ ಮಂಚಕ್ಕೆ ಹಾಕಿದ್ದರು. ಡಾಕ್ಟರಮ್ಮ ಹಿಮ್ಮಡಿ ನೋಡಿ ಹೊರಗೆ ಬಂದರು.

“ಈಗ ಕೊಯ್ಯೋ ಹಾಗಿಲ್ಲ. ಬಾವು ಇಳಿದು ಚರ್ಮ ಸುಕ್ಕುಗಟ್ಟಬೇಕು. ಆಮೇಲೆ ಚೂರುಗಳನ್ನ ಜೋಡಿಸಿ ನೋಡ್ತೀನಿ. ಮನೆಯವರು ಯಾರಾದ್ರೂ ಒಪ್ಪಿಗೆ ಕೊಡಬೇಕು.”

ಬೆಂಚಿನ ಮೇಲೆ ಕೂತಿದ್ದ ತಾಯಿ ಎದ್ದಳು. “ಇಂಥದ್ದೆಲ್ಲ ದೊಡ್ಡವನೇ ನೋಡ್ಕೊಳ್ತಿದ್ದ ಡಾಕ್ಟ್ರಮ್ಮಾ.”

ಅವಳು ಡಾಕ್ಟರಮ್ಮನ ಹತ್ತಿರ ಬಂದಳು.

“ಜೋಡಿಸದಿದ್ರೆ?”

“ಜೀವಮಾನ ಪೂರ್ತಿ ಕುಂಟ್ತಾನೆ. ಹೆಜ್ಜೆ ಹೆಜ್ಜೆಗೂ ನೋವಿರುತ್ತೆ.”

ತಾಯಿ ಬಾಗಿಲಿನಿಂದ ಒಳಗೆ ನೋಡಿದಳು. ಮಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ಜೋಡಿಸಿ,” ಎಂದಳು. “ಜೈಲಿಗೆ ಅವನನ್ನ ಯಾರೂ ಹೊತ್ಕೊಂಡು ಹೋಗೋದು ಬೇಡ. ತನ್ನ ಕಾಲಲ್ಲೇ ನಡ್ಕೊಂಡು ಹೋಗ್ಲಿ.”